ದಾಯಾದಿಯ ಒಪ್ಪಿಗೆ

ಕೆಲವು ಶಬ್ದಗಳು ಹುಟ್ಟುವಾಗ ನಿರ್ದೋಷಿಗಳಾಗಿದ್ದು, ಬಳಸಿದವರ ಅನುಭವದ ಕಹಿಯನ್ನು ಕಾಲಕ್ರಮದಲ್ಲಿ ಹೀರಿಕೊಳ್ಳುತ್ತವೆ. 'ದಾಯಾದಿ' ಅಂಥ ಒಂದು ಶಬ್ದ. ದಾಯವೆಂದರೆ ಹಿರಿಯರಿಂದ ಬರುವ ಸೊತ್ತು. ಅದನ್ನು ಪಡೆಯುವವನು ದಾಯಾದ. ಸಂಸ್ಕೃತದಲ್ಲಿ ಅವನು ವಾರಸುದಾರ, ಪಾಲುಗಾರ, ಹೆಚ್ಚೆಂದರೆ ಬಂಧು. ನಮ್ಮ ಹಳ್ಳಿಗಳಲ್ಲಿ ಮಾತ್ರ ಒಬ್ಬನನ್ನು ತೋರಿಸಿ 'ಅವನು ನಮ್ಮ ದಾಯಾದಿ' ಎಂದರೆ ಸಾಕು, ಉಳಿದ ಕಥೆಯನ್ನು ಯಾರೂ ಕೇಳುವುದಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯೇ ಆ ಕಥೆಯ ಸಾರಾಂಶ.

ಹಾಗಾದರೆ ಪಾಲುಗಾರನು ಹಗೆಯಾದದ್ದು ಯಾವ ಗಳಿಗೆಯಲ್ಲಿ? ಪಾಲು ಹಂಚುವಾಗ ಮನಸ್ತಾಪ ಬರುವುದುಂಟು. ಆದರೆ ನ್ಯಾಯಾಲಯದ ಕಡತಗಳನ್ನು ನೋಡಿದವರು ಬಲ್ಲರು, ಕಡುವೈರ ಹುಟ್ಟುವುದು ಪಾಲು ಮಾಡಿಕೊಳ್ಳುವುದಕ್ಕೆ ಮೊದಲೇ ಒಬ್ಬನು ಮಾರಲು ಹೊರಟಾಗ. ಐವರಿಗೆ ಸೇರಿದ ಮನೆಯನ್ನು ಒಬ್ಬನು ಮಾರಬಹುದೆ? ಇಡಿಯಾಗಿ ಅಲ್ಲದಿದ್ದರೆ ತನ್ನ ಪಾಲನ್ನಾದರೂ ಮಾರಬಹುದೆ? ಪಾಲು ಇನ್ನೂ ಗುರುತಾಗಿಲ್ಲದಿರುವಾಗ 'ತನ್ನದು' ಎಂಬುದು ಎಲ್ಲಿಂದ ಎಲ್ಲಿಗೆ? ಕೊಂಡವನು ಬಂದು ನಡುಮನೆಯಲ್ಲಿ ಹಾಸಿಗೆ ಬಿಚ್ಚಿದರೆ ಉಳಿದ ನಾಲ್ವರು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಸುಮಾರು ಒಂಬತ್ತು ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ಕನ್ನಡ ನೆಲದಲ್ಲಿ ಎಂಬುದರಿಂದ ಅದನ್ನು ಇಲ್ಲಿ ಹೇಳಲು ಹೊರಟಿದ್ದೇನೆ.

ನಾನು ವಕೀಲನಲ್ಲ, ಕನ್ನಡದ ಮೇಷ್ಟರು. ಆದರೆ ಹಳಗನ್ನಡ ಬಲ್ಲವನೆಂಬ ಒಂದೇ ಕಾರಣಕ್ಕೆ ಹಳೆಯ ಕ್ರಯಪತ್ರ, ಪಾಲುಪಾರಿಕತ್ತುಗಳನ್ನು ಓದಿಸಿಕೊಳ್ಳಲು ಜನ ನನ್ನ ಬಳಿಗೆ ಬರುತ್ತಿದ್ದರು. ಪತ್ರದ ಮೇಲಿನ ಅಕ್ಷರಗಳನ್ನು ಓದುತ್ತ ಓದುತ್ತ, ಆ ಅಕ್ಷರಗಳ ಹಿಂದಿರುವ ಪ್ರಮಾಣಗ್ರಂಥಗಳ ಕಡೆಗೆ ನನ್ನ ಕುತೂಹಲ ತಿರುಗಿತು.

ಸಾಹಿತ್ಯದ ವಿದ್ಯಾರ್ಥಿಗೆ ಈ ಪ್ರಶ್ನೆ ಮೊದಲು ಎದುರಾಗುವುದು ಧರ್ಮಶಾಸ್ತ್ರದಲ್ಲಲ್ಲ, ಮಹಾಭಾರತದ ಸಭಾಪರ್ವದಲ್ಲಿ. ದ್ಯೂತದಲ್ಲಿ ಧರ್ಮರಾಯನು ತನ್ನನ್ನು ತಾನೇ ಸೋತ ಬಳಿಕ ದ್ರೌಪದಿಯನ್ನು ಪಣವಾಗಿಟ್ಟನಷ್ಟೆ. ಸೋತವನಿಗೆ ಆ ಅಧಿಕಾರ ಎಲ್ಲಿಂದ ಬಂತೆಂದು ದ್ರೌಪದಿ ಕೇಳುತ್ತಾಳೆ. ಹಿರಿಯರೆಲ್ಲ ತಲೆ ತಗ್ಗಿಸಿ ಕುಳಿತಿರಲು, ಕೌರವರಲ್ಲೇ ಒಬ್ಬನಾದ ವಿಕರ್ಣನು ಎದ್ದು ನಿಂತು ಆ ಪ್ರಶ್ನೆಗೆ ಇನ್ನೊಂದನ್ನು ಸೇರಿಸುತ್ತಾನೆ: ಈಕೆಗೆ ಪಾಂಡವರು ಐವರೂ ಪತಿಗಳಲ್ಲವೆ, ಒಬ್ಬನೇ ಒಡ್ಡಿದ ಪಣ ಹೇಗೆ ಸಲ್ಲುತ್ತದೆ? ಹೆಣ್ಣನ್ನು ಸೊತ್ತಿನೊಡನೆ ಎಣಿಸಿದ ಆ ಕಾಲದ ದೃಷ್ಟಿಯನ್ನು ನಾವು ಇಂದು ಒಪ್ಪಲಾರೆವು. ಆದರೆ ಹಲವರಿಗೆ ಸಂಬಂಧಿಸಿದ್ದನ್ನು ಒಬ್ಬನೇ ಕೈಬಿಡಬಲ್ಲನೆ ಎಂಬ ವ್ಯವಹಾರಶಾಸ್ತ್ರದ ಪ್ರಶ್ನೆಯನ್ನು ತುಂಬಿದ ಸಭೆಯಲ್ಲಿ ಎತ್ತಿದವನು ವಿಕರ್ಣ. ಸಭೆ ಅವನಿಗೆ ಉತ್ತರ ಕೊಡಲಿಲ್ಲ. ಕರ್ಣನು ಹುಡುಗನೆಂದು ಗದರಿಸಿ ಕೂರಿಸಿದ. ಪಂಪನು ತನ್ನ ಕಾವ್ಯದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ್ದರಿಂದ ಅಲ್ಲಿ ವಿಕರ್ಣನ ಈ ತರ್ಕಕ್ಕೆ ನೆಲೆಯೇ ಉಳಿಯುವುದಿಲ್ಲ ಎಂಬುದು ನಮ್ಮ ಸಾಹಿತ್ಯದ ಒಂದು ಸ್ವಾರಸ್ಯ.

ವಿಕರ್ಣನ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರ ಕೊಟ್ಟವರಲ್ಲಿ ವಿಜ್ಞಾನೇಶ್ವರನ ಹೆಸರು ದೊಡ್ಡದು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣ ಪಟ್ಟಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆತನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ. ಗ್ರಂಥದ ಕೊನೆಯಲ್ಲಿ ಆ ನಗರವನ್ನೂ ಆ ದೊರೆಯನ್ನೂ ಅಭಿಮಾನದಿಂದ ಕೊಂಡಾಡಿದ್ದಾನೆ. ಹೆಸರಿಗೆ ಅದು ಮಿತವಾದ ಅಕ್ಷರಗಳ ಟೀಕೆ. ಪರಿಣಾಮದಲ್ಲಿ ಬಂಗಾಳವೊಂದನ್ನು ಬಿಟ್ಟು ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿದ ಶಾಸನ.

ವಿಜ್ಞಾನೇಶ್ವರನ ಸಿದ್ಧಾಂತದ ತಿರುಳು ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಹುಟ್ಟುವುದು ತಂದೆ ಸತ್ತಾಗಲ್ಲ, ಪಾಲು ಮಾಡಿದಾಗಲೂ ಅಲ್ಲ, ಮಗನು ಹುಟ್ಟಿದಾಗಲೇ. ವಿಭಾಗವೆಂಬುದು ಇಲ್ಲದ ಹಕ್ಕನ್ನು ಸೃಷ್ಟಿಸುವುದಿಲ್ಲ, ಇದ್ದ ಹಕ್ಕಿಗೆ ಎಲ್ಲೆ ಹಾಕುತ್ತದೆ. ಇದನ್ನು ಒಪ್ಪಿದ ಮೇಲೆ ಮಾರಾಟದ ವಿಷಯದಲ್ಲಿ ಒಂದೇ ನಿರ್ಣಯ ಸಾಧ್ಯ. ಅವಿಭಕ್ತರ ನಡುವೆ ಸೊತ್ತು ಎಲ್ಲರದೂ ಆಗಿರುವುದರಿಂದ ಸ್ಥಿರಾಸ್ತಿಯನ್ನು ದಾನ ಮಾಡಲು, ಅಡವಿಡಲು, ಮಾರಲು ಎಲ್ಲರ ಅನುಮತಿ ಬೇಕು. ಹುಟ್ಟಿದವರಿಗಷ್ಟೇ ಅಲ್ಲ, ಇನ್ನು ಹುಟ್ಟಬೇಕಾದವರಿಗೂ ಗರ್ಭದಲ್ಲಿರುವವರಿಗೂ ಜೀವನಾಧಾರ ಬೇಕೆಂಬ ಸ್ಮೃತಿವಾಕ್ಯವನ್ನು ಆತ ಇಲ್ಲಿ ನೆನೆಯುತ್ತಾನೆ.

ಆದರೆ ವಿಜ್ಞಾನೇಶ್ವರ ಬದುಕನ್ನು ಕಂಡ ಶಾಸ್ತ್ರಕಾರ. ಮಕ್ಕಳು, ತಮ್ಮಂದಿರು ಅಪ್ರಾಪ್ತರಾಗಿದ್ದು ಅನುಮತಿ ಕೊಡಲಾರದವರಾದರೆ, ಕುಟುಂಬಕ್ಕೆಲ್ಲ ಆಪತ್ತು ಬಂದರೆ, ಕುಟುಂಬದ ಪೋಷಣೆಗೆ ಬೇಕಾದರೆ, ತಂದೆಯ ಉತ್ತರಕ್ರಿಯೆಯಂಥ ಅವಶ್ಯ ಕರ್ತವ್ಯ ಎದುರಾದರೆ, ಸಮರ್ಥನಾದ ಒಬ್ಬನೇ ಮಾರಬಹುದು ಎಂದು ಬಾಗಿಲನ್ನು ತೆರೆದಿಟ್ಟ. ಬರಗಾಲದ ನಾಡಿನಲ್ಲಿ ಈ ಬಾಗಿಲು ಅಗತ್ಯವಾಗಿತ್ತು. ಮುಂದೆ ಶತಮಾನಗಳ ಕಾಲ ನ್ಯಾಯಾಲಯದ ಜಗಳವೆಲ್ಲ ನಡೆದದ್ದು ಈ ಬಾಗಿಲಿನಲ್ಲೇ: ಮಾರಿದ್ದು ಕುಟುಂಬದ ಅವಶ್ಯಕತೆಗೋ, ಯಜಮಾನನ ಚಟಕ್ಕೋ?

ಬಂಗಾಳದಲ್ಲಿ 'ದಾಯಭಾಗ'ವನ್ನು ಬರೆದ ಜೀಮೂತವಾಹನನು ಅವೇ ಸ್ಮೃತಿವಾಕ್ಯಗಳನ್ನು ಓದಿ ಬೇರೆಯೇ ತೀರ್ಮಾನಕ್ಕೆ ಬಂದ. ತಂದೆಯಿರುವವರೆಗೆ ಮಕ್ಕಳಿಗೆ ಹಕ್ಕಿಲ್ಲ. ತಂದೆಯ ಅನಂತರ ಸೋದರರು ಒಟ್ಟಿಗಿದ್ದರೂ ಒಬ್ಬೊಬ್ಬನದೂ ನಿಶ್ಚಿತ ಪಾಲು, ಅದನ್ನು ಅವನು ಮಾರಬಹುದು. ಮಾರಬಾರದೆಂಬ ವಚನಗಳ ಗತಿಯೇನು? ಮಾರಿದವನಿಗೆ ದೋಷ ತಗಲುತ್ತದೆ, ಆದರೆ ಮಾರಾಟ ಆಗಿಹೋದದ್ದೇ. ನಡೆದ ಸಂಗತಿಯನ್ನು ವಚನಗಳು ನಡೆಯದಂತೆ ಮಾಡಲಾರವು ಎಂಬುದು ಅವನ ವಾದ. ಅಧರ್ಮವೇ ಬೇರೆ, ಅಸಿಂಧುವೇ ಬೇರೆ ಎಂಬ ಈ ವಿವೇಚನೆ ಅತ್ಯಂತ ಸೂಕ್ಷ್ಮವಾದುದು. ಒಬ್ಬನು ಕುಟುಂಬವನ್ನು ನೋಡಿದ, ಇನ್ನೊಬ್ಬನು ವ್ಯಕ್ತಿಯನ್ನು ನೋಡಿದ. ಇಂದಿನ ಕಾನೂನು ಈ ಎರಡು ನೋಟಗಳ ನಡುವೆ ಇನ್ನೂ ತೂಗಾಡುತ್ತಿದೆ.

ಈಗ ಪತ್ರಗಳ ಕಡೆಗೆ ಬರೋಣ. ಭೂಮಿ ಒಬ್ಬರಿಂದ ಒಬ್ಬರಿಗೆ ಹೋಗುವುದು ಆರು ಅಂಗಗಳಿಂದ ಎಂದು ಮಿತಾಕ್ಷರೆ ಒಂದು ಸ್ಮೃತಿಯನ್ನು ಉದಾಹರಿಸುತ್ತದೆ. ಗ್ರಾಮದವರು, ಜ್ಞಾತಿಗಳು, ಸಾಮಂತರು, ದಾಯಾದರು, ಈ ನಾಲ್ವರ ಅನುಮತಿ. ಅದರೊಡನೆ ಚಿನ್ನ ಮತ್ತು ನೀರು. ಇಲ್ಲಿ ಸಾಮಂತನೆಂದರೆ ಕಪ್ಪ ಕೊಡುವ ಮಾಂಡಲಿಕನಲ್ಲ. ಅಂಚಿಗೆ ಅಂಚು ಸೇರಿದ ನೆರೆಹೊಲದವನು. ಒಂದೊಂದಕ್ಕೂ ವಿಜ್ಞಾನೇಶ್ವರ ಕೊಡುವ ಕಾರಣಗಳು ನೋಡತಕ್ಕವು. ಗ್ರಾಮದವರ ಅನುಮತಿ ವ್ಯವಹಾರ ಬಯಲಿನಲ್ಲಿ ನಡೆಯಲೆಂದು. ಅವರು ಒಪ್ಪದಿದ್ದರೆ ಮಾರಾಟವೇ ಆಗದೆಂದಲ್ಲ. ನೆರೆಯವನದು ಗಡಿಯ ತಂಟೆ ಬಾರದಿರಲೆಂದು. ಪಾಲಾಗಿ ಬೇರೆಯಾದ ಜ್ಞಾತಿಗಳ ಅನುಮತಿಯಾದರೋ, ಇವರು ನಿಜವಾಗಿ ಪಾಲಾಗಿದ್ದರೋ ಇಲ್ಲವೋ ಎಂಬ ಸಂದೇಹ ಮುಂದೆ ಏಳದಿರಲೆಂದು. ಪಾಲಾಗದವರ ಅನುಮತಿ ಮಾತ್ರ ಅನಿವಾರ್ಯ, ಏಕೆಂದರೆ ವಸ್ತು ಅವರದೂ ಹೌದು. ಇನ್ನು ಚಿನ್ನ ಮತ್ತು ನೀರು ಏಕೆ? ಭೂಮಿಯನ್ನು ಮಾರಕೂಡದು, ದಾನ ಮಾಡುವುದು ಪ್ರಶಸ್ತ ಎಂಬ ಭಾವನೆಯಿತ್ತು. ಆದ್ದರಿಂದ ಮಾರಲೇಬೇಕಾದವನು ಚಿನ್ನ ನೀರುಗಳೊಡನೆ ಧಾರೆಯೆರೆದು ಮಾರಾಟಕ್ಕೆ ದಾನದ ರೂಪ ಕೊಡುತ್ತಿದ್ದ. ಮಣ್ಣನ್ನು ಕಾಸಿಗೆ ಕೊಡುವ ಸಂಕೋಚವನ್ನು ಈ ಬಿಂದಿಗೆ ನೀರು ಮುಚ್ಚುತ್ತಿತ್ತು.

ಈ ನಿಯಮ ಪುಸ್ತಕದಲ್ಲೇ ಉಳಿಯಲಿಲ್ಲ. ವಿಜಯನಗರ ಕಾಲದ ಕನ್ನಡ ಕ್ರಯಶಾಸನಗಳಲ್ಲಿ 'ಸ್ತ್ರೀಪುತ್ರಜ್ಞಾತಿಸಾಮಂತದಾಯಾದಾನುಮತ' ಎಂಬ ಉದ್ದನೆಯ ಸಮಾಸ ಬರುತ್ತದೆ. ಮೊದಲ ಸಲ ಓದುವ ವಿದ್ಯಾರ್ಥಿಗೆ ಅದು ಬರಿಯ ಪದಾಡಂಬರವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಸ್ಮೃತಿಯ ಆ ಆರು ಅಂಗಗಳ ಪ್ರತಿಧ್ವನಿ. ಅಷ್ಟೇ ಅಲ್ಲ, ಪತ್ರ ಬರೆದವರು ಸ್ಮೃತಿವಾಕ್ಯದಲ್ಲಿ ಇಲ್ಲದ ಎರಡು ಪದಗಳನ್ನು ಮುಂದಕ್ಕೆ ತಂದು ಕೂರಿಸಿದ್ದಾರೆ: ಸ್ತ್ರೀ ಮತ್ತು ಪುತ್ರ. ಹೆಂಡತಿಯ ಒಪ್ಪಿಗೆಯನ್ನು ಶಾಸ್ತ್ರವು ಇಲ್ಲಿ ಕೇಳಿರಲಿಲ್ಲ. ವ್ಯವಹಾರ ಬಲ್ಲ ಊರಿನವರು ಕೇಳಿದರು. ಅದು ಎಷ್ಟರ ಮಟ್ಟಿಗೆ ಆಚರಣೆ, ಎಷ್ಟರ ಮಟ್ಟಿಗೆ ಕರಣಿಕನ ವಾಡಿಕೆಯ ಮಾತು ಎಂಬ ಚರ್ಚೆಗೆ ಅವಕಾಶವಿದೆ. ಆದರೂ ವಾಡಿಕೆಯ ಮಾತಿನಲ್ಲಿ ಮೊದಲ ಸ್ಥಾನ ಅವಳಿಗೆ ಸಿಕ್ಕಿತೆಂಬುದು ಸಣ್ಣ ಸಂಗತಿಯಲ್ಲ. ಇಂಥ ಪತ್ರಗಳಲ್ಲೇ ಬೆಲೆಯನ್ನು ಕುರಿತು, ಆ ಕಾಲಕ್ಕೆ ಉಚಿತವಾಗಿ ಮಧ್ಯಸ್ಥರು ಕಟ್ಟಿದ, ಎರಡು ಕಡೆಯವರೂ ಒಪ್ಪಿದ ಕ್ರಯದ್ರವ್ಯ ಎಂಬ ವಿವರಣೆಯೂ ಬರುತ್ತದೆ. ಬೆಲೆಯನ್ನು ಮಧ್ಯಸ್ಥರು ಕಟ್ಟುವುದು ಎಂಬ ಈ ಅಂಶವನ್ನು ನೆನಪಿನಲ್ಲಿಡಬೇಕು; ಮುಂದೆ ಅದು ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಇಂಗ್ಲಿಷರ ನ್ಯಾಯಾಲಯಗಳು ಬಂದವು. ವಾರಸು, ವಿವಾಹ ಮುಂತಾದ ವಿಷಯಗಳಲ್ಲಿ ಹಿಂದೂಗಳಿಗೆ ಅವರ ಶಾಸ್ತ್ರದಂತೆಯೇ ನ್ಯಾಯ ಹೇಳಬೇಕೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸನ ಯೋಜನೆ ವಿಧಿಸಿತು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯವಿಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದು ಒಂದೇ ಸಂಪುಟದಲ್ಲಿ ಪ್ರಕಟಿಸಿದ. ಕಲ್ಯಾಣದ ಪಂಡಿತನ ಮಾತು ಹೀಗೆ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮೇಜನ್ನು ಸೇರಿತು.

ಅಲ್ಲಿ ಅದಕ್ಕೆ ಹೊಸ ಒತ್ತಡಗಳು ಎದುರಾದವು. 1856ರ ಹನುಮಾನ್ ಪ್ರಸಾದ್ ಪಾಂಡೆ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು, ಕುಟುಂಬದ ಸೊತ್ತಿನ ಮೇಲೆ ಸಾಲ ಕೊಡುವವನು ಅವಶ್ಯಕತೆ ನಿಜವೇ ಎಂದು ವಿಚಾರಿಸಬೇಕು, ಪ್ರಾಮಾಣಿಕವಾಗಿ ವಿಚಾರಿಸಿದ್ದರೆ ಸಾಕು, ಹಣ ಮುಂದೆ ಹೇಗೆ ಖರ್ಚಾಯಿತೆಂಬುದಕ್ಕೆ ಅವನು ಹೊಣೆಯಲ್ಲ ಎಂಬ ಸೂತ್ರವನ್ನು ಹಾಕಿಕೊಟ್ಟಿತು. ವಿಜ್ಞಾನೇಶ್ವರ ತೆರೆದ ಆಪತ್ಕಾಲದ ಬಾಗಿಲಿಗೆ ಇದು ಕಾವಲು. ಇನ್ನು ಅವಿಭಕ್ತ ಪಾಲಿನ ಮಾರಾಟದ ವಿಷಯದಲ್ಲಿ ಪ್ರಾಂತಗಳು ಬೇರೆ ಬೇರೆ ದಾರಿ ಹಿಡಿದವು. ಮದರಾಸಿನ ಹೈಕೋರ್ಟು 1863ರಲ್ಲಿ, ಮುಂಬಯಿಯ ಹೈಕೋರ್ಟು 1873ರಲ್ಲಿ, ಪ್ರತಿಫಲ ಪಡೆದು ತನ್ನ ಪಾಲನ್ನು ಮಾರಲು ಒಬ್ಬ ಪಾಲುಗಾರನಿಗೆ ಹಕ್ಕುಂಟು ಎಂದವು. ಕಲ್ಕತ್ತೆಯ ಹೈಕೋರ್ಟು ಬಿಹಾರದಂಥ ಮಿತಾಕ್ಷರೆಯ ಪ್ರದೇಶಕ್ಕೆ ಅನ್ವಯಿಸಿ 1869ರಲ್ಲಿ, ಉಳಿದವರ ಒಪ್ಪಿಗೆಯಿಲ್ಲದೆ ಅದು ಸಲ್ಲದು ಎಂದಿತು. ವಿಚಿತ್ರ ನೋಡಿ: ವಿಜ್ಞಾನೇಶ್ವರನ ಮಾತನ್ನು ಹೆಚ್ಚು ನಿಷ್ಠೆಯಿಂದ ಪಾಲಿಸಿದ್ದು ದೂರದ ಬಿಹಾರ. ಅವನ ನುಡಿಯ ನಾಡಿನಲ್ಲಿ, ಮುಂಬಯಿಗೆ ಸೇರಿದ್ದ ಧಾರವಾಡ ಬೆಳಗಾವಿಗಳಲ್ಲಿ, ಮದರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ, ಆ ಮಾತು ಸಡಿಲವಾಯಿತು.

ಸಡಿಲವಾದದ್ದೇಕೆ? ಕೊಂಡವನು ನಗದು ಕೊಟ್ಟಿದ್ದಾನೆ, ಸಾಲ ಕೊಟ್ಟವನು ಕಾದಿದ್ದಾನೆ. ಅವರಿಗೆ ಅನ್ಯಾಯವಾಗಬಾರದೆಂಬ ವ್ಯಾಪಾರಯುಗದ ನ್ಯಾಯದೃಷ್ಟಿ. ಅದು ನಿರಾಧಾರವಾದ ದೃಷ್ಟಿಯೆಂದು ನಾನು ಹೇಳುವುದಿಲ್ಲ. ಮಾರುವ ಹಕ್ಕೇ ಇಲ್ಲದಿದ್ದರೆ ಯಜಮಾನನ ಮುಷ್ಟಿಯಿಂದ ಕಿರಿಯನಿಗೆ ಬಿಡುಗಡೆಯೇ ಇಲ್ಲ. ಆದರೆ ಆ ಕೋರ್ಟುಗಳೂ ಅವಿಭಕ್ತ ಪಾಲನ್ನು ದಾನ ಮಾಡಲು ಒಪ್ಪಲಿಲ್ಲ. ಮಾರಬಹುದು, ದಾನ ಮಾಡಬಾರದು ಎಂದವು. ಮಾರುವುದು ಕೀಳು, ಕೊಡುವುದು ಮೇಲು ಎಂದಿದ್ದ ಹಳೆಯ ಭಾವನೆ ಇಲ್ಲಿ ಪೂರ್ತಿ ತಲೆಕೆಳಗಾಯಿತು.

ಪಾಲು ಕೊಂಡವನಿಗೆ ದೊರೆತದ್ದಾದರೂ ಏನು? ಇಂಥ ಕೋಣೆ, ಇಂಥ ಗದ್ದೆ ಎಂದಲ್ಲ; ವಿಭಾಗಕ್ಕಾಗಿ ದಾವೆ ಹೂಡುವ ಹಕ್ಕು. 1877ರಲ್ಲಿ ಪ್ರಿವಿ ಕೌನ್ಸಿಲು ಕೋರ್ಟಿನ ಹರಾಜಿನಲ್ಲಿ ಅವಿಭಕ್ತ ಪಾಲು ಕೊಂಡವನಿಗೂ ಇದೇ ಹಕ್ಕನ್ನು ಒಪ್ಪಿತು. ಆಗ ಹಣವಂತನಾದ ಪರಕೀಯನೊಬ್ಬನು ಒಡೆದ ಮನೆಯ ಒಬ್ಬ ಅಣ್ಣನನ್ನೋ ತಮ್ಮನನ್ನೋ ಹಿಡಿದು ಸಣ್ಣ ಬೆಲೆಗೆ ಪಾಲು ಕೊಂಡು, ದಾವೆಯ ಬೆದರಿಕೆಯಿಂದ ಇಡೀ ಮನೆಯನ್ನು ದಕ್ಕಿಸಿಕೊಳ್ಳುವ ದಾರಿ ತೆರೆಯಿತು. ಇದನ್ನು ತಡೆಯಲು ಎರಡು ಕಾನೂನುಗಳು ಬಂದವು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 44ನೆಯ ಪ್ರಕರಣವು, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಒಟ್ಟು ಸ್ವಾಧೀನದ ಹಕ್ಕಿಲ್ಲ ಎಂದಿತು. ಎಂದರೆ ಅವನು ನಡುಮನೆಯಲ್ಲಿ ಹಾಸಿಗೆ ಬಿಚ್ಚುವಂತಿಲ್ಲ. 1893ರ ವಿಭಾಗ ಅಧಿನಿಯಮದ 4ನೆಯ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಅಂಥವನು ವಿಭಾಗದ ದಾವೆ ಹೂಡಿದರೆ, ಮನೆಯ ಪಾಲುಗಾರರಲ್ಲಿ ಯಾರಾದರೂ ಅವನ ಪಾಲನ್ನು ಕೊಳ್ಳಲು ಮುಂದೆ ಬರಬಹುದು, ಬೆಲೆಯನ್ನು ನ್ಯಾಯಾಲಯ ಕಟ್ಟುತ್ತದೆ. ಹಂಚಿದರೆ ಕೆಡುವ ಸೊತ್ತಾದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೇಳಿಕೊಂಡಾಗ ಅದನ್ನು ಮಾರಿಸಿ ಹಣ ಹಂಚಲು ಇದೇ ಕಾನೂನು ಅವಕಾಶ ಕೊಟ್ಟಿತು. ಆಗಲೂ ಉಳಿದ ಪಾಲುಗಾರರು ನ್ಯಾಯಾಲಯ ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆಂದು ಕೇಳಬಹುದು. ವಿಜಯನಗರದ ಪತ್ರಗಳ ಮಧ್ಯಸ್ಥನು ನ್ಯಾಯಾಧೀಶನ ನಿಲುವಂಗಿ ತೊಟ್ಟು ಮರಳಿ ಬಂದದ್ದು ಹೀಗೆ. ಈ ಎರಡು ಕಾನೂನುಗಳೂ ಇಂದಿಗೂ ಜೀವಂತವಾಗಿವೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿತ್ತು. ಭೂತಾಳ ಪಾಂಡ್ಯನ ಕಟ್ಟೆಂದು ಪ್ರತೀತಿಯಿರುವ ಅಳಿಯಸಂತಾನದಲ್ಲಿ ಸೊತ್ತು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಅಲ್ಲಿ ಒಬ್ಬ ಸದಸ್ಯನು ತನ್ನ ಪಾಲನ್ನು ಮಾರುವುದಿರಲಿ, ಪಾಲು ಕೊಡಿ ಎಂದು ಬಲವಂತಪಡಿಸುವಂತೆಯೂ ಇಲ್ಲ ಎಂದು ಮದರಾಸಿನ ಹೈಕೋರ್ಟು 19ನೆಯ ಶತಮಾನದಲ್ಲೇ ಹೇಳಿತು. ಕುಟುಂಬದಿಂದ ಪೋಷಣೆ ಪಡೆಯುವುದೇ ಅವನ ಹಕ್ಕು. ಸೊತ್ತು ಉಳಿಯಿತು ನಿಜ, ಆದರೆ ಯಜಮಾನನ ಮೇಲಿನ ಅಸಮಾಧಾನವೂ ಉಳಿಯಿತು. ಕೊನೆಗೆ 1949ರ ಮದರಾಸು ಅಳಿಯಸಂತಾನ ಅಧಿನಿಯಮವು ಕವರುಗಳಿಗೆ, ಎಂದರೆ ಹೆಣ್ಣಿನಿಂದ ಕವಲೊಡೆದ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮಾರಲೇಬಾರದೆಂಬ ನಿಯಮ ಸೊತ್ತನ್ನು ರಕ್ಷಿಸುತ್ತದೆ, ಮನುಷ್ಯರನ್ನು ಕಟ್ಟಿಹಾಕುತ್ತದೆ. ಯಾರೂ ಮಾರಬಹುದೆಂಬ ನಿಯಮ ಮನುಷ್ಯರನ್ನು ಬಿಡಿಸುತ್ತದೆ, ಮನೆಯನ್ನು ಒಡೆಯುತ್ತದೆ. ಯಾವ ಕಟ್ಟಳೆಯೂ ಎರಡನ್ನೂ ಒಟ್ಟಿಗೆ ಸಾಧಿಸಿಲ್ಲ.

ಇಷ್ಟೆಲ್ಲ ಚರ್ಚೆಯಲ್ಲಿ ಮಿತಾಕ್ಷರೆಯ ನಾಡಿನ ಹೆಣ್ಣುಮಕ್ಕಳು ಎಲ್ಲಿದ್ದರು? ಜನ್ಮಸಿದ್ಧವಾದ ಹಕ್ಕು ಗಂಡಿನದಾಗಿತ್ತು. ಆದ್ದರಿಂದ ಒಪ್ಪಿಗೆ ಕೇಳಬೇಕಾದದ್ದೂ ಗಂಡನ್ನೇ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು, ವಿಭಾಗದ ಕಾಲದಲ್ಲಿ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಬ್ರಿಟಿಷ್ ಇಂಡಿಯಾ ವಿಧವೆಯರ ವಿಷಯದಲ್ಲಿ ಕಣ್ಣು ತೆರೆದದ್ದು 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಮಗಳನ್ನು ವಾರಸುದಾರಳನ್ನಾಗಿ ಮಾಡಿತು. ಅದರ 22ನೆಯ ಪ್ರಕರಣದಂತೆ ಒಟ್ಟಾಗಿ ವಾರಸು ಪಡೆದ ಮೊದಲ ವರ್ಗದವರಲ್ಲಿ ಒಬ್ಬರು ಮಾರಹೊರಟರೆ ಕೊಳ್ಳುವ ಆದ್ಯತೆ ಉಳಿದವರದು. ಇದು ಕೃಷಿಭೂಮಿಗೂ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿತು. ಆದರೆ ಅದೇ ಅಧಿನಿಯಮದ 23ನೆಯ ಪ್ರಕರಣ, ಕುಟುಂಬದವರು ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದು ತಡೆಯಿತ್ತಿತ್ತು. ಒಂದು ಕೈಯಲ್ಲಿ ಕೀಲಿಕೈ ಕೊಟ್ಟು ಇನ್ನೊಂದು ಕೈಯಿಂದ ಬಾಗಿಲು ಹಿಡಿದಂತೆ.

ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಮಗಳನ್ನು ಹುಟ್ಟಿನಿಂದಲೇ ಸಹದಾಯಾದಳೆಂದು ಒಪ್ಪಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು, 23ನೆಯ ಪ್ರಕರಣವನ್ನೂ ಅಳಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದುಹೋದ ಮಾರಾಟ, ವಿಭಾಗಗಳನ್ನು ಮಾತ್ರ ಮುಟ್ಟಲಿಲ್ಲ. ಮಗಳ ಹಕ್ಕು ಹುಟ್ಟಿನಿಂದ ಬಂದದ್ದಾದ್ದರಿಂದ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಹುಟ್ಟಿನಿಂದಲೇ ಹಕ್ಕು ಎಂಬ ವಿಜ್ಞಾನೇಶ್ವರನ ತರ್ಕ, ಅವನು ಸೇರಿಸದೆ ಬಿಟ್ಟಿದ್ದ ಮಗಳನ್ನು ಒಂಬತ್ತು ಶತಮಾನಗಳ ಬಳಿಕ ಒಳಗೆ ಕರೆದುಕೊಂಡಿತು. ಸಿದ್ಧಾಂತವೊಂದು ತನ್ನ ಕರ್ತೃವಿಗಿಂತ ಉದಾರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚದು.

ಆದರೆ ಕಾನೂನಿನ ಪುಸ್ತಕಕ್ಕೂ ನೋಂದಣಿ ಕಚೇರಿಯ ಜಗುಲಿಗೂ ನಡುವೆ ಅಂತರವಿದೆ. ನನ್ನ ಬಳಿಗೆ ಬಂದ ಪತ್ರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಮಾರಿದವರ ಸಾಲಿನಲ್ಲಿ ಅಣ್ಣತಮ್ಮಂದಿರ ರುಜುಗಳು. ಕೆಳಗೆ ಸಾಕ್ಷಿಗಳ ಸಾಲಿನಲ್ಲಿ ಅಕ್ಕನದೋ ತಂಗಿಯದೋ ಹೆಬ್ಬೆಟ್ಟು. ಮುಂದೆ ಅವಳು ಬಾಯಿ ತೆರೆದರೆ 'ನೀನೇ ಸಾಕ್ಷಿ ಹಾಕಿದ್ದೀಯಲ್ಲ' ಎನ್ನುವುದಕ್ಕೆ. ಸಾಕ್ಷಿ ಹಾಕಿದ ಮಾತ್ರಕ್ಕೆ ಪತ್ರದೊಳಗಿನ ವಿಷಯ ತಿಳಿದು ಒಪ್ಪಿದಂತಾಗದು ಎಂದು ನ್ಯಾಯಾಲಯಗಳು ಪ್ರಿವಿ ಕೌನ್ಸಿಲಿನ ಕಾಲದಿಂದ ಹೇಳುತ್ತ ಬಂದಿವೆ. ಇಂದು ಅದರ ಜಾಗಕ್ಕೆ ಹಕ್ಕು ಬಿಡುಗಡೆ ಪತ್ರ ಬಂದಿದೆ. ಹಬ್ಬಕ್ಕೆ ತವರಿಗೆ ಕರೆದು, ಸೀರೆ ಕುಂಕುಮ ಕೊಟ್ಟು, ಮರುದಿನ ಸಬ್ ರಿಜಿಸ್ಟ್ರಾರರ ಕಚೇರಿಗೆ ಕರೆದೊಯ್ಯುವುದು ಹಲವು ಮನೆಗಳ ಕಥೆ. ತವರು ಬೇಕೋ ಪಾಲು ಬೇಕೋ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಬೇಡವೆಂದು ಮನಸಾರೆ ಬಿಟ್ಟುಕೊಟ್ಟ ಅಕ್ಕತಂಗಿಯರೂ ಉಂಟು, ಅವರ ಔದಾರ್ಯ ದೊಡ್ಡದು. ಆದರೆ ಕೇಳದೆ ಪಡೆದದ್ದನ್ನು ಔದಾರ್ಯವೆನ್ನಲಾಗದು.

ನಮ್ಮ ಹಿಂದಿನವರ ಪದ್ಧತಿಗೂ ಇಂದಿನದಕ್ಕೂ ಇರುವ ಮುಖ್ಯ ಭೇದ ಇಲ್ಲಿದೆ. ಸ್ಮೃತಿಯ ಆರು ಅಂಗಗಳಲ್ಲಿ ನಾಲ್ಕು ಮಾರಾಟಕ್ಕೆ ಮೊದಲು ಕೇಳುವ ಒಪ್ಪಿಗೆಗಳು. ಇಂದಿನ ಕಾನೂನು ಕೊಡುವ ಪರಿಹಾರಗಳು ಬಹುಮಟ್ಟಿಗೆ ಮಾರಾಟವಾದ ಮೇಲೆ ದಾವೆಯಿಂದ ಸಿಗುವಂಥವು. ನೋಂದಣಿಯ ದಫ್ತರವು ಯಾರು ರುಜು ಹಾಕಿದರೆಂಬುದನ್ನು ತೋರಿಸುತ್ತದೆ. ಯಾರು ಹಾಕಲಿಲ್ಲವೆಂಬುದನ್ನು ತೋರಿಸುವುದಿಲ್ಲ. ಹಾಕದವನು ಎಚ್ಚತ್ತು ಕೋರ್ಟಿಗೆ ಬರುವ ವೇಳೆಗೆ ಕೊಂಡವನು ಗೋಡೆ ಕೆಡವಿ ಮಹಡಿ ಕಟ್ಟಿರುತ್ತಾನೆ. ಆಮೇಲೆ ಗೆಲ್ಲುವವರು ಯಾರೇ ಆಗಲಿ, ಮನೆ ಮಾತ್ರ ಸೋತಿರುತ್ತದೆ.

ಹಳೆಯ ಕಾಲವನ್ನು ಮರಳಿ ತರಬೇಕೆಂಬುದು ನನ್ನ ಆಶಯವಲ್ಲ. ಆ ಕಾಲದ ಒಪ್ಪಿಗೆಯಲ್ಲಿ ಮಗಳಿಗೆ ಸ್ಥಾನವಿರಲಿಲ್ಲ, ಇಂದು ಇದೆ. ಇಂದಿನ ಹಕ್ಕಿಗೆ ಅಂದಿನ ಕ್ರಮವನ್ನು ಜೋಡಿಸಿದರೆ ಸಾಕು. ಮಾರುವ ಮೊದಲು ಪಾಲುಗಾರರೆಲ್ಲ ಒಂದು ಕಡೆ ಕುಳಿತು, ಪತ್ರವನ್ನು ಗಟ್ಟಿಯಾಗಿ ಓದಿಸಿ, ಬೆಲೆಯನ್ನು ಮೂರನೆಯವನಿಂದ ಕಟ್ಟಿಸಿ, ಕೊಳ್ಳುವ ಇಚ್ಛೆ ತಮ್ಮವರಲ್ಲಿ ಯಾರಿಗಾದರೂ ಉಂಟೇ ಎಂದು ಮೊದಲು ಕೇಳಿ, ಹೆಣ್ಣುಮಕ್ಕಳ ಹೆಸರನ್ನು ಸಾಕ್ಷಿಯ ಸಾಲಿನಿಂದ ಒಡೆತನದ ಸಾಲಿಗೆ ತಂದರೆ ಅರ್ಧಕ್ಕರ್ಧ ದಾವೆಗಳು ಹುಟ್ಟುವುದೇ ಇಲ್ಲವೆಂದು ನನ್ನ ನಂಬಿಕೆ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಒಂದು ಮಧ್ಯಾಹ್ನದ ಬಿಡುವು, ಒಂದಿಷ್ಟು ತಾಳ್ಮೆ ಬೇಕು.

ದಾಯಾದಿ ಎಂಬ ಶಬ್ದದ ಕಹಿ ನಿಘಂಟಿನಿಂದ ಬಂದದ್ದಲ್ಲ. ಕೇಳದೆ ಮಾರಿದವರಿಂದ ಬಂದದ್ದು. ಕೇಳಿ ಮಾರುವವರು ಹೆಚ್ಚಿದಂತೆ ಆ ಕಹಿ ಇಳಿಯಬಹುದು. ಪಾಲು ಹೋದ ಮೇಲೂ ಉಳಿಯಬೇಕಾದದ್ದು ಒಂದಿದೆ: ಇನ್ನೊಬ್ಬರ ಮನೆಯ ಮದುವೆಗೆ ಕರೆಯದೆ ಇರಲಾರದಷ್ಟು ನಂಟು. ಅದಕ್ಕೆ ಯಾವ ನ್ಯಾಯಾಲಯವೂ ಬೆಲೆ ಕಟ್ಟಿಲ್ಲ.